ಲಾಕ್‌ಡೌನ್ ನಮ್ಮ ಓಡಾಟವನ್ನು ಏನು ಮಾಡಿತು?

ಆಫೀಸಿನವರು ವರ್ಷಕ್ಕೊಮ್ಮೆ ಮಾಡಿಸುವ ಹೆಲ್ತ್ ಚೆಕಪ್ ರಿಪೋರ್ಟ್ ಇದೆಯಲ್ಲ, ಅದರ ಕೊನೆಯ ಪುಟದಲ್ಲಿ ಈಗೀಗ ಬಹಳ ಜನರಿಗೆ ಒಂದು ಮಾತು ಕಾಣುತ್ತಿದೆ: 'ಸೆಡೆಂಟರಿ ಲೈಫ್‌ಸ್ಟೈಲ್', ಅಂದರೆ ದಿನದ ಹೆಚ್ಚು ಹೊತ್ತು ಕೂತೇ ಕಳೆಯುವ ಬದುಕು. ಪಕ್ಕದಲ್ಲೇ ಶುಗರ್ ಸ್ವಲ್ಪ ಜಾಸ್ತಿ, ಕೊಲೆಸ್ಟ್ರಾಲ್ ಗಡಿಯಲ್ಲಿ, ಸೊಂಟದ ಸುತ್ತಳತೆಗೆ ಒಂದು ಕೆಂಪು ಗೆರೆ. "ಎಲ್ಲಾ ಕೊರೊನಾ ಆದ ಮೇಲೆ ಶುರುವಾಗಿದ್ದು" ಅಂತ ಮನೆಯಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ಅದರಲ್ಲಿ ನಿಜ ಎಷ್ಟು, ಸುಮ್ನೆ ಹೇಳುವ ಮಾತೆಷ್ಟು? ಲಾಕ್‌ಡೌನ್ ಕಾಲದಲ್ಲಿ ಜನ ಎಷ್ಟು ನಡೆದರು, ಎಷ್ಟು ಹೊತ್ತು ಕೂತರು ಅನ್ನುವುದನ್ನು ಜಗತ್ತಿನ ಬೇರೆ ಬೇರೆ ಕಡೆ ಅಳೆದಿದ್ದಾರೆ. ಆ ಲೆಕ್ಕ ಅರ್ಥವಾಗಬೇಕಾದರೆ ಮೊದಲು ಒಂದೆರಡು ಮೂಲ ವಿಷಯ ತಿಳಿದಿರಬೇಕು.

ಕೂತಿರುವುದು ಬೇರೆ, ವ್ಯಾಯಾಮ ಮಾಡದಿರುವುದು ಬೇರೆ

ಎರಡನ್ನೂ ನಾವು ಸೋಮಾರಿತನ ಅಂತ ಒಂದೇ ಗಂಟಿಗೆ ಕಟ್ಟಿಬಿಡುತ್ತೇವೆ. ವಿಜ್ಞಾನಿಗಳು ಬೇರೆ ಬೇರೆಯಾಗಿ ಅಳೆಯುತ್ತಾರೆ. ಅಳತೆಯ ಮಾನಕ್ಕೆ 'ಮೆಟ್' ಅಂತ ಹೆಸರು.

ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತ ಆಟೋ ನೆನಪು ಮಾಡಿಕೊಳ್ಳಿ. ಗಾಡಿ ಒಂದಡಿ ಮುಂದೆ ಹೋಗಿಲ್ಲ, ಆದರೂ ಎಂಜಿನ್ ಗುರ್ ಅನ್ನುತ್ತಲೇ ಇದೆ, ಗ್ಯಾಸ್ ಖರ್ಚಾಗುತ್ತಲೇ ಇದೆ. ಸುಮ್ಮನೆ ಕೂತಾಗ ನಮ್ಮ ದೇಹವೂ ಹೀಗೇ. ಉಸಿರಾಟ, ಎದೆಬಡಿತ, ಮಿದುಳು ಎಲ್ಲವೂ ನಡೆಯುತ್ತಿರಬೇಕಲ್ಲ. ಆ ಖರ್ಚೇ 1 ಮೆಟ್. ಎಚ್ಚರವಾಗಿದ್ದು, ಕೂತೋ ಒರಗಿಯೋ ಮಲಗಿಯೋ 1.5 ಮೆಟ್‌ವರೆಗೆ ಮಾತ್ರ ಖರ್ಚು ಮಾಡುತ್ತಿದ್ದರೆ ಅದು ಸೆಡೆಂಟರಿ ಹೊತ್ತು. ನಿದ್ದೆ ಈ ಲೆಕ್ಕಕ್ಕೆ ಬರುವುದಿಲ್ಲ. ಸ್ವಲ್ಪ ಬಿರುಸಾಗಿ ನಡೆದರೆ 3 ಮೆಟ್ ದಾಟುತ್ತದೆ. 3ರಿಂದ 6ರವರೆಗಿನದು ಮಧ್ಯಮ ಚಟುವಟಿಕೆ. ಅದಕ್ಕಿಂತ ಮೇಲಿನದು, ಅಂದರೆ ಓಟ, ಸ್ಕಿಪ್ಪಿಂಗ್, ಬಿರುಸಾದ ಬ್ಯಾಡ್ಮಿಂಟನ್ ಇಂಥವು, ಜೋರು ಚಟುವಟಿಕೆ.

ಹಾಗಾಗಿ ದಿನಾ ಬೆಳಿಗ್ಗೆ ಆರಕ್ಕೆ ಎದ್ದು ಲಾಲ್‌ಬಾಗ್‌ನಲ್ಲಿ ಒಂದು ಗಂಟೆ ವಾಕಿಂಗ್ ಮಾಡಿ, ಆಮೇಲೆ ಹತ್ತು ಗಂಟೆ ಕಂಪ್ಯೂಟರ್ ಮುಂದೆ ಕೂರುವವರು ಚಟುವಟಿಕೆಯೂ ಸಾಕಷ್ಟು ಮಾಡಿರುತ್ತಾರೆ, ಕೂತಿದ್ದೂ ವಿಪರೀತ ಆಗಿರುತ್ತದೆ. ಎರಡೂ ನಿಜವೇ. ಅತ್ತ, ಜನ್ಮದಲ್ಲಿ ಜಿಮ್ ಮೆಟ್ಟಿಲು ಹತ್ತದ, ಆದರೆ ಬೆಳಗಿಂದ ಸಂಜೆವರೆಗೆ ನಿಂತು ಓಡಾಡಿ ಕೆಲಸ ಮಾಡುವ ಹೋಟೆಲ್ ಸಪ್ಲೈಯರ್ ತುಂಬಾ ಹೊತ್ತು ಕೂರುವವರ ಗುಂಪಿಗೆ ಸೇರುವುದೇ ಇಲ್ಲ.

ಕಳೆದುಹೋಗಿದ್ದು ಯಾವ ನಡಿಗೆ?

2020ರ ಮಾರ್ಚ್ 22ರಂದು ಜನತಾ ಕರ್ಫ್ಯೂ. 25ರಿಂದ 21 ದಿನಗಳ ಲಾಕ್‌ಡೌನ್, ಅದು ಬೆಳೆದು ಬೆಳೆದು ಮೇ 31ಕ್ಕೆ ಬಂತು. ಮೇ ಮೂರನೇ ವಾರದಲ್ಲಿ ಪಾರ್ಕುಗಳ ಗೇಟು ತೆರೆದಾಗಲೂ ಬೆಳಿಗ್ಗೆ 7ರಿಂದ 9, ಸಂಜೆ 5ರಿಂದ 7 ಅಷ್ಟೇ. ಜಿಮ್‌ಗಳು ಆಗಸ್ಟ್‌ನಲ್ಲಿ, ನಮ್ಮ ಮೆಟ್ರೊ ಸೆಪ್ಟೆಂಬರ್ 7ರಂದು ಮತ್ತೆ ಶುರುವಾದವು. ನಡುವೆ ಜುಲೈ 14ರಿಂದ 22ರವರೆಗೆ ಬೆಂಗಳೂರಿಗೇ ಇನ್ನೊಂದು ಲಾಕ್‌ಡೌನ್. 2021ರ ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ಎರಡನೇ ಅಲೆಯ ಬಂದ್. ಬೆಳಿಗ್ಗೆ 6ರಿಂದ 10ರೊಳಗೆ, ಅದೂ ಹತ್ತಿರದ ಅಂಗಡಿಗೆ ನಡೆದುಕೊಂಡೇ ಹೋಗಿ ಅಂತ ಹೇಳಿದ್ದು ಆಗಲೇ. ಗಾಡಿ ತೆಗೆದುಕೊಂಡು ಹೋದವರ ಗಾಡಿ ಪೊಲೀಸರ ಪಾಲಾಯಿತು.

ಪಾರ್ಕು, ಜಿಮ್ಮು ಮುಚ್ಚಿದ್ದರಿಂದಲೇ ಜನರ ಚಟುವಟಿಕೆ ಕಡಿಮೆಯಾಯಿತು ಅಂತ ಅನಿಸುತ್ತದೆ, ಅಲ್ವಾ? ಅದು ಸಣ್ಣ ಪಾಲು. ದೊಡ್ಡ ಪಾಲು ನಾವು ಲೆಕ್ಕಕ್ಕೇ ಇಟ್ಟುಕೊಳ್ಳದ ನಡಿಗೆಯದ್ದು.

ರಾಜಾಜಿನಗರದಲ್ಲಿ ಮನೆ, ಎಂ.ಜಿ. ರಸ್ತೆ ಹತ್ತಿರ ಆಫೀಸು ಇರುವ ಒಬ್ಬರನ್ನು ತೆಗೆದುಕೊಳ್ಳೋಣ. ಮನೆಯಿಂದ ಮೆಟ್ರೊ ಸ್ಟೇಷನ್‌ಗೆ ಹತ್ತು ನಿಮಿಷ ನಡಿಗೆ. ಮೆಟ್ಟಿಲು ಹತ್ತಿ ಪ್ಲಾಟ್‌ಫಾರ್ಮ್. ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿನಿಂದ ನೇರಳೆ ಲೈನಿಗೆ ಬದಲಾಗುವಾಗ ಆ ಜನಜಂಗುಳಿಯಲ್ಲಿ ಮೇಲೆ ಕೆಳಗೆ ಓಡಾಟ. ಇಳಿದ ಮೇಲೆ ಆಫೀಸಿಗೆ ಇನ್ನೊಂದಿಷ್ಟು ದೂರ. ಹನ್ನೊಂದಕ್ಕೆ ಕೆಳಗಿನ ಕ್ಯಾಂಟೀನಿಗೆ ಬೈಟು ಕಾಫಿಗೆ. ಮಧ್ಯಾಹ್ನ ದರ್ಶಿನಿಯಲ್ಲಿ ಟೋಕನ್ ತೆಗೆದುಕೊಂಡು, ಕೌಂಟರ್‌ನಲ್ಲಿ ತಟ್ಟೆ ಇಸಕೊಂಡು, ಎತ್ತರದ ಮೇಜಿನ ಮುಂದೆ ನಿಂತು ಊಟ. ಸಂಜೆ ಮತ್ತೆ ಇದೇ ದಾರಿ, ಮಧ್ಯೆ ಸೊಪ್ಪು ತರಕಾರಿಗೆ ಅಂತ ಮಾರ್ಕೆಟ್ ಕಡೆ ಒಂದು ಸುತ್ತು. ನಿಮಿಷಕ್ಕೆ ಸುಮಾರು 100 ಹೆಜ್ಜೆ ಹಾಕಿದರೆ ಅದು ಮಧ್ಯಮ ವೇಗದ ನಡಿಗೆ ಅನ್ನುವ ಲೆಕ್ಕವಿದೆ. ಹೋಗುತ್ತಾ ಬರುತ್ತಾ ಒಟ್ಟು 40 ನಿಮಿಷ ನಡೆದರೂ 4,000 ಹೆಜ್ಜೆ ಆಯಿತು. ಇಷ್ಟೆಲ್ಲ ಆದ ಮೇಲೂ ಕೇಳಿದರೆ "ನಾನೆಲ್ಲಿ ವ್ಯಾಯಾಮ ಮಾಡ್ತೀನಿ, ಟೈಮೇ ಇಲ್ಲ" ಅಂತಾರೆ.

ವರ್ಕ್ ಫ್ರಮ್ ಹೋಮ್ ಶುರುವಾದ ದಿನ ಇದಿಷ್ಟೂ ಒಂದೇ ಏಟಿಗೆ ಹೋಯಿತು. ಹಾಸಿಗೆಯಿಂದ ಊಟದ ಮೇಜಿಗೆ ಹತ್ತು ಹೆಜ್ಜೆ. ಕುರ್ಚಿ ಮೇಲೊಂದು ದಿಂಬು, ಲ್ಯಾಪ್‌ಟಾಪ್ ಕೆಳಗೆ ಎರಡು ದಪ್ಪ ಪುಸ್ತಕ. ಕಾಫಿ ಅಲ್ಲಿಗೇ ಬರುತ್ತದೆ. ಮೀಟಿಂಗ್‌ಗೆ ಅಂತ ಇನ್ನೊಂದು ಮಹಡಿಗೆ ಹೋಗುವ ಮಾತೇ ಇಲ್ಲ, ಒಂದು ಕಿಟಕಿ ಮುಚ್ಚಿ ಇನ್ನೊಂದು ಕಿಟಕಿ ತೆರೆದರೆ ಆಯಿತು. ವ್ಯಾಯಾಮ ಅಂತ ಹೆಸರಿಡದ ಇಂಥ ಓಡಾಟಕ್ಕೆ ಆಗುವ ಶಕ್ತಿಯ ಖರ್ಚನ್ನು ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿದ್ದ ಜೇಮ್ಸ್ ಲೆವಿನ್ ಎನ್ನುವ ವೈದ್ಯರು ಬಹಳ ವರ್ಷ ಅಧ್ಯಯನ ಮಾಡಿದ್ದಾರೆ. ಒಂದೇ ಮೈಕಟ್ಟಿನ ಇಬ್ಬರ ನಡುವೆ ಈ ಖರ್ಚಿನಲ್ಲಿ ದಿನಕ್ಕೆ 2,000 ಕ್ಯಾಲೊರಿಯವರೆಗೂ ವ್ಯತ್ಯಾಸ ಬರಬಹುದು ಅನ್ನುವುದು ಅವರ ಅಂದಾಜು. ಅರ್ಧ ಗಂಟೆ ಯೂಟ್ಯೂಬ್ ನೋಡಿಕೊಂಡು ಮಾಡಿದ ಜುಂಬಾ ಅದನ್ನು ತುಂಬಿಕೊಡುವುದು ಕಷ್ಟ.

ಅಳೆದವರು ಕಂಡದ್ದು

ಮೊಬೈಲ್ ಆ್ಯಪ್ ಒಂದರಲ್ಲಿ ಹೆಜ್ಜೆ ಎಣಿಸುತ್ತಿದ್ದ 187 ದೇಶಗಳ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನರ ಲೆಕ್ಕವನ್ನು ಅಮೆರಿಕದ ಸಂಶೋಧಕರು 2020ರಲ್ಲಿ ಪ್ರಕಟಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಮಹಾಮಾರಿ ಎಂದು ಘೋಷಿಸಿದ್ದು ಮಾರ್ಚ್ 11ರಂದು. ಅದಾದ ಹತ್ತು ದಿನದೊಳಗೆ ಸರಾಸರಿ ಹೆಜ್ಜೆ ಶೇ. 5.5ರಷ್ಟು ಇಳಿದಿತ್ತು. ಮೂವತ್ತು ದಿನದೊಳಗೆ ಶೇ. 27.3. ಅಂದರೆ ದಿನಕ್ಕೆ 1,400ಕ್ಕೂ ಹೆಚ್ಚು ಹೆಜ್ಜೆ ಖೋತಾ. ಕಟ್ಟುನಿಟ್ಟಾಗಿ ಬಾಗಿಲು ಹಾಕಿದ ಇಟಲಿಯಲ್ಲಿ ಇಳಿಕೆ ಸುಮಾರು ಶೇ. 49ರವರೆಗೂ ಹೋಯಿತು. ಹೆಚ್ಚು ನಿರ್ಬಂಧ ಹೇರದ ಸ್ವೀಡನ್‌ನಲ್ಲಿ ಶೇ. 7ರ ಆಸುಪಾಸು. ಜನರ ಮನಸ್ಸಿಗಿಂತ ಹೆಚ್ಚಾಗಿ ನಿಯಮವೇ ಹೆಜ್ಜೆಯನ್ನು ತೀರ್ಮಾನ ಮಾಡಿತ್ತು ಅನ್ನುವುದು ಇಲ್ಲೇ ಕಾಣುತ್ತದೆ.

ಕೂರುವ ಲೆಕ್ಕ ಇನ್ನೊಂದು ಅಧ್ಯಯನದ್ದು. ಯುರೋಪು, ಉತ್ತರ ಆಫ್ರಿಕಾ, ಏಷ್ಯಾ ಎಲ್ಲ ಕಡೆಯ ಸುಮಾರು ಸಾವಿರ ಜನ ಆನ್‌ಲೈನ್‌ನಲ್ಲಿ ಉತ್ತರ ಕೊಟ್ಟಿದ್ದರು. ಮೊದಲು ದಿನಕ್ಕೆ ಸುಮಾರು 5 ಗಂಟೆ ಕೂರುತ್ತಿದ್ದವರು ಈಗ 8 ಗಂಟೆ ಅಂದರು. 2021ರಲ್ಲಿ ಇಂಥ 66 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಹೆಚ್ಚಿನವುಗಳಲ್ಲಿ ಚಿತ್ರ ಅದೇ: ಚಟುವಟಿಕೆ ಕಡಿಮೆ, ಕೂರುವುದು ಜಾಸ್ತಿ.

ಈ ಅಂಕಿಗಳನ್ನು ಕಣ್ಣು ಮುಚ್ಚಿ ನಂಬುವ ಹಾಗೂ ಇಲ್ಲ. ಫೋನ್ ಜೇಬಿನಲ್ಲಿದ್ದರೆ ಮಾತ್ರ ಅದು ಹೆಜ್ಜೆ ಎಣಿಸುತ್ತದೆ. ಮನೆಯಲ್ಲಿ ನಮ್ಮ ಫೋನ್ ಎಲ್ಲಿರುತ್ತದೆ? ಚಾರ್ಜರ್‌ನಲ್ಲಿ, ಇಲ್ಲವೇ ಆನ್‌ಲೈನ್ ಕ್ಲಾಸಿನ ಮಗುವಿನ ಕೈಯಲ್ಲಿ. ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಟೆರೇಸಿಗೆ ಓಡಾಡಿದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಹಾಗಾಗಿ ನಿಜವಾದ ಇಳಿಕೆ ಫೋನ್ ತೋರಿಸಿದ್ದಕ್ಕಿಂತ ಕೊಂಚ ಕಡಿಮೆಯೇ ಇದ್ದಿರಬಹುದು. ಇನ್ನು ಆನ್‌ಲೈನ್ ಪ್ರಶ್ನೆಗಳಿಗೆ ಉತ್ತರ ಕೊಡುವವರು ಯಾರು? ನೆಟ್ ಇರುವವರು, ಪುರುಸೊತ್ತು ಇರುವವರು, ಅಂದರೆ ಮನೆಯಲ್ಲಿ ಕೂತವರೇ.

ಎಲ್ಲರೂ ಕೂತಿರಲಿಲ್ಲ

ಈ ಭಾಗ ಬಹಳ ಲೇಖನಗಳಲ್ಲಿ ಬಿಟ್ಟೇಹೋಗುತ್ತದೆ. ಬೆಂಗಳೂರಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತವರ ಕತೆ ಒಂದು. ಪೀಣ್ಯದ ಕಾರ್ಖಾನೆಯಲ್ಲೋ ಗಾರ್ಮೆಂಟ್ಸ್‌ನಲ್ಲೋ ಕಟ್ಟಡದ ಕೆಲಸದಲ್ಲೋ ಇದ್ದವರ ಕತೆಯೇ ಬೇರೆ. ಅವರ ಮೈದಂಡನೆಯೆಲ್ಲ ಕೆಲಸದಲ್ಲೇ ಇತ್ತು. ಕೆಲಸ ನಿಂತಾಗ ಕೂಲಿಯ ಜೊತೆ ಅದೂ ನಿಂತಿತು. ಆಮೇಲೆ ಊರಿಗೆ ಹೋಗಲು ಬಸ್ಸು ರೈಲು ಇಲ್ಲದೆ ನಡೆದೇ ಹೊರಟವರು ಒಂದೊಂದು ದಿನ ನಡೆದ ದೂರ ಯಾವ ಆ್ಯಪ್‌ನ ಸರಾಸರಿಗೂ ಸೇರಿಲ್ಲ. ಪೌರಕಾರ್ಮಿಕರು, ಆಶಾ ಕಾರ್ಯಕರ್ತೆಯರು, ನರ್ಸ್‌ಗಳು, ಡೆಲಿವರಿ ಹುಡುಗರು ಮೊದಲಿಗಿಂತ ಜಾಸ್ತಿಯೇ ಓಡಾಡಿದರು.

ಮನೆಯೊಳಗೂ ಎಲ್ಲರಿಗೂ ಒಂದೇ ಲಾಕ್‌ಡೌನ್ ಇರಲಿಲ್ಲ. ಅಪಾರ್ಟ್‌ಮೆಂಟುಗಳು ಮನೆಗೆಲಸದವರನ್ನು ಗೇಟಿನಲ್ಲೇ ತಡೆದವು. ಗುಡಿಸುವುದು, ಒರೆಸುವುದು, ಪಾತ್ರೆ ಎಲ್ಲ ಮನೆಯವರ ಮೇಲೆ ಬಿತ್ತು. ಮನೆಯವರು ಅಂದರೆ ಯಾರು? ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಾರೆ, ಮಾಡುವ ಗಂಡಸರು 97 ನಿಮಿಷ. ಇದು ಲಾಕ್‌ಡೌನ್‌ಗೆ ಮುಂಚಿನ ಮಾತು. ಎಲ್ಲರೂ ಮನೆಯಲ್ಲೇ ಇದ್ದು ಹೊತ್ತುಹೊತ್ತಿಗೆ ತಿಂಡಿ, ಊಟ, ಕಾಫಿ ಕೇಳುವಾಗ ಈ ಹೊರೆ ಕಡಿಮೆಯಾಗಲು ಕಾರಣವೇ ಇಲ್ಲ.

ಮನೆಗೆಲಸ ಚಟುವಟಿಕೆಯ ಲೆಕ್ಕಕ್ಕೆ ಬರುತ್ತದಾ ಅಂತ ಕೆಲವರು ಕೇಳುತ್ತಾರೆ. ಖಂಡಿತ ಬರುತ್ತದೆ. ನೆಲ ಒರೆಸುವುದು 3 ಮೆಟ್ ದಾಟುತ್ತದೆ, ಅದು ಬಿರುಸು ನಡಿಗೆಗೆ ಸಮ. ಸ್ಟೌ ಮುಂದೆ ನಿಂತು ಅಡುಗೆ ಮಾಡುವುದು ಅಷ್ಟಾಗುವುದಿಲ್ಲ, ಆದರೂ ಕೂರುವುದಕ್ಕಿಂತ ಮೇಲು. ಆದರೆ ಅದು ಆಯಾಸವನ್ನೂ ಕೊಡುತ್ತದೆ, ಪಾರ್ಕಿನ ನಡಿಗೆ ಕೊಡುವ ಬಿಡುವನ್ನು ಕೊಡುವುದಿಲ್ಲ. ಮೆಟ್ ಲೆಕ್ಕದಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ.

ಕೂತರೆ ಮೈಯೊಳಗೆ ಏನಾಗುತ್ತದೆ?

ಅನ್ನ, ಮುದ್ದೆ, ದೋಸೆ ಏನೇ ತಿಂದರೂ ಅದರಿಂದ ಸಕ್ಕರೆ ರಕ್ತಕ್ಕೆ ಬರುತ್ತದೆ. ಅದನ್ನು ಎಳೆದುಕೊಳ್ಳುವ ಅತಿ ದೊಡ್ಡ ಗಿರಾಕಿ ಸ್ನಾಯುಗಳು, ಅದರಲ್ಲೂ ತೊಡೆ ಮತ್ತು ಕಾಲಿನ ದೊಡ್ಡ ಸ್ನಾಯುಗಳು. ಅವು ಕೆಲಸ ಮಾಡುತ್ತಿದ್ದರೆ ಇನ್ಸುಲಿನ್ ಸಹಾಯ ಹೆಚ್ಚು ಬೇಡದೆಯೇ ಸಕ್ಕರೆ ತೆಗೆದುಕೊಳ್ಳುತ್ತವೆ. ಕೂತಾಗ ಅವು ಸುಮ್ಮನಾಗುತ್ತವೆ. ಊಟವಾದ ಮೇಲಿನ ಸಕ್ಕರೆ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಇಳಿಸಲು ಮೇದೋಜೀರಕ ಗ್ರಂಥಿ ಜಾಸ್ತಿ ಇನ್ಸುಲಿನ್ ಸುರಿಸಬೇಕಾಗುತ್ತದೆ. ರಕ್ತದ ಕೊಬ್ಬನ್ನು ಒಡೆಯುವ ಒಂದು ಕಿಣ್ವದ ಕೆಲಸವೂ ನಿಧಾನವಾಗುತ್ತದೆ. ಒಂದು ದಿನಕ್ಕೆ ಇದರಿಂದ ಏನೂ ಆಗುವುದಿಲ್ಲ. ವರ್ಷಗಟ್ಟಲೆ ನಡೆದರೆ ರಿಪೋರ್ಟಿನಲ್ಲಿ ಕಾಣತೊಡಗುತ್ತದೆ.

ಹೃದಯದ ಮೇಲಾಗುವ ಪರಿಣಾಮಕ್ಕೆ 1966ರ ಒಂದು ಪ್ರಯೋಗ ಪ್ರಸಿದ್ಧ. ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತು ವರ್ಷದ ಐವರು ಗಟ್ಟಿಮುಟ್ಟು ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಶ್ರಮಪಟ್ಟಾಗ ದೇಹ ಆಮ್ಲಜನಕ ಬಳಸುವ ಶಕ್ತಿ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ಮೂವತ್ತು ವರ್ಷ ಬಿಟ್ಟು ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಐವತ್ತರ ವಯಸ್ಸಿನಲ್ಲೂ ಅವರ ಶಕ್ತಿ ಆ ಮೂರು ವಾರ ಮಲಗಿ ಎದ್ದಾಗ ಇದ್ದಷ್ಟು ಕೆಳಗೆ ಇಳಿದಿರಲಿಲ್ಲ. ನಮ್ಮ ಮೊದಲ ಲಾಕ್‌ಡೌನೂ ಮೂರು ವಾರದ್ದೇ ಆಗಿತ್ತು, ಆದರೆ ಎರಡನ್ನೂ ಸಮ ಮಾಡಬೇಡಿ. ನಾವು ಯಾರೂ ಇಡೀ ದಿನ ಮಲಗಿರಲಿಲ್ಲ. ದೇಹ ಎಷ್ಟು ಬೇಗ ಸಡಿಲವಾಗುತ್ತದೆ ಅನ್ನುವುದಕ್ಕೆ ಮಾತ್ರ ಈ ಉದಾಹರಣೆ. ಆ ಹುಡುಗರಿಗೆ ಆಮೇಲೆ ತರಬೇತಿ ಕೊಟ್ಟಾಗ ಹೋದ ಶಕ್ತಿ ವಾಪಸ್ ಬಂತು ಅನ್ನುವುದನ್ನೂ ಹೇಳಬೇಕು.

ಕೂರುವುದರ ಮೇಲೆ ಮೊದಲು ಅನುಮಾನ ಬರಿಸಿದ್ದು ಬಸ್ಸು. ಜೆರ್ರಿ ಮಾರಿಸ್ ಎನ್ನುವ ವೈದ್ಯರು ಲಂಡನ್ ಬಸ್ ಸಿಬ್ಬಂದಿಯನ್ನು ಅಧ್ಯಯನ ಮಾಡಿ 1953ರಲ್ಲಿ ಪ್ರಕಟಿಸಿದರು. ಒಂದೇ ಬಸ್ಸು, ಒಂದೇ ರೂಟು. ಡ್ರೈವರ್ ಇಡೀ ದಿನ ಕೂರುತ್ತಾನೆ, ಕಂಡಕ್ಟರ್ ಡಬಲ್ ಡೆಕರ್‌ನಲ್ಲಿ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಹೃದಯದ ಕಾಯಿಲೆ ಡ್ರೈವರ್‌ಗಳಲ್ಲೇ ಜಾಸ್ತಿ ಇತ್ತು. ಮೊದಲೇ ದಪ್ಪಗಿದ್ದವರು ಡ್ರೈವರ್ ಕೆಲಸಕ್ಕೆ ಸೇರುತ್ತಿದ್ದರೋ ಏನೋ ಅನ್ನುವ ಪ್ರಶ್ನೆ ಬರುತ್ತದಲ್ಲ? ಅದಕ್ಕೆ ಅವರು ಇನ್ನೊಂದು ಲೇಖನದಲ್ಲಿ ಯೂನಿಫಾರಂ ಪ್ಯಾಂಟಿನ ಸೊಂಟದ ಅಳತೆಗಳನ್ನೇ ತೆಗೆಸಿ ನೋಡಿದರು. ಡ್ರೈವರ್‌ಗಳ ಸೊಂಟ ನಿಜಕ್ಕೂ ದಪ್ಪವಿತ್ತು! ಅಂದರೆ ಕೂರುವುದೊಂದೇ ಕಾರಣ ಅಂತ ಹೇಳುವುದು ಅಷ್ಟು ಸುಲಭವಲ್ಲ. ಈ ಎಳೆಗಳನ್ನು ಬಿಡಿಸುವ ಕೆಲಸ ಇವತ್ತಿಗೂ ನಡೆಯುತ್ತಿದೆ.

ಮಕ್ಕಳು, ಅಜ್ಜ ಅಜ್ಜಿಯರು

ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಆಡಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಕರ್ನಾಟಕದಲ್ಲಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳಲ್ಲಿ ಒಂದರಿಂದ ಐದನೇ ತರಗತಿ ಮತ್ತೆ ತೆರೆದಿದ್ದು 2021ರ ಅಕ್ಟೋಬರ್ 25ರಂದು. ಒಂದೂವರೆ ವರ್ಷಕ್ಕಿಂತ ಜಾಸ್ತಿ. ಶಾಲೆ ಅಂದರೆ ಬರೀ ಪಿ.ಟಿ. ಪೀರಿಯಡ್ ಅಲ್ಲ. ಬೆನ್ನಿಗೆ ಬ್ಯಾಗ್ ಹಾಕಿಕೊಂಡು ನಡೆಯುವುದು, ಬೆಲ್ ಹೊಡೆದಾಗ ಓಡುವುದು, ಇಂಟರ್ವಲ್‌ನ ಹತ್ತು ನಿಮಿಷದ ಮುಟ್ಟಾಟ ಎಲ್ಲ ಸೇರಿತ್ತು. ಮೈದಾನ ಮೊದಲೇ ಕಡಿಮೆ ಇರುವ ಈ ಊರಿನಲ್ಲಿ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಕಾರುಗಳ ನಡುವೆ ಆಡಿದ ಕ್ರಿಕೆಟ್ಟೇ ಎಷ್ಟೋ ಮಕ್ಕಳಿಗೆ ಸಿಕ್ಕ ಆಟ. ಅದಕ್ಕೂ ಬೈಸಿಕೊಳ್ಳಬೇಕಿತ್ತು.

ವಯಸ್ಸಾದವರ ತೊಂದರೆ ಬೇರೆ ರೀತಿಯದ್ದು. ಅರವತ್ತೈದು ದಾಟಿದವರು ಹೊರಗೆ ಬರಲೇಬೇಡಿ ಅನ್ನುವ ಸೂಚನೆ ಇತ್ತು. ವಯಸ್ಸಾದ ಮೇಲೆ ಸ್ನಾಯು ಬೇಗ ಕರಗುತ್ತದೆ, ಮತ್ತೆ ಕಟ್ಟಿಕೊಳ್ಳುವುದು ನಿಧಾನ. ತೊಡೆ ಸೋತರೆ ಕಮೋಡ್‌ನಿಂದ ಏಳುವುದೇ ಕಷ್ಟ, ಬೀಳುವ ಭಯ ಜಾಸ್ತಿ, ಭಯದಿಂದ ಓಡಾಟ ಇನ್ನೂ ಕಡಿಮೆ. ಪಾರ್ಕಿನ ಬೆಂಚಿನ ಗೆಳೆಯರ ಗುಂಪು ಚದುರಿದ್ದರಿಂದ ನಡೆಯಲು ಇದ್ದ ನೆಪವೂ ಹೋಯಿತು.

ಲಾಕ್‌ಡೌನ್ ಮುಗಿದ ಮೇಲೆ?

ಕೆಲವು ಒಳ್ಳೆಯದೂ ಆಯಿತು. ಖಾಲಿ ರಸ್ತೆ ಕಂಡು ಸೈಕಲ್ ಹತ್ತಿದವರಿದ್ದಾರೆ. 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ಚರ್ಚ್ ಸ್ಟ್ರೀಟ್‌ಗೆ ವಾಹನ ಬಿಡದೆ ನಡೆಯುವವರಿಗೇ ಬಿಟ್ಟಿದ್ದರು.

ವಾಕಿಂಗ್ ಮಾಡುವವರು ಪಾರ್ಕಿಗೆ ವಾಪಸ್ ಬಂದರು. ವಾಪಸ್ ಬರದಿದ್ದು ಆ ಲೆಕ್ಕಕ್ಕಿಲ್ಲದ ನಡಿಗೆ. ವಾರಕ್ಕೆ ಎರಡು ಮೂರು ದಿನ ಮಾತ್ರ ಆಫೀಸು, ಹತ್ತು ನಿಮಿಷಕ್ಕೆ ಮನೆ ಬಾಗಿಲಿಗೆ ಬರುವ ಕೊತ್ತಂಬರಿ ಸೊಪ್ಪು, ಫೋನಿನಲ್ಲೇ ಮುಗಿಯುವ ಬ್ಯಾಂಕು, ಕರೆಂಟ್ ಬಿಲ್ಲು. ಲಾಕ್‌ಡೌನ್‌ನಲ್ಲಿ ಅನಿವಾರ್ಯವಾಗಿದ್ದು ಈಗ ಅನುಕೂಲವಾಗಿದೆ. ಟ್ರಾಫಿಕ್‌ನಲ್ಲಿ ಎರಡು ಗಂಟೆ ಉಳಿದರೆ ಯಾರಿಗೆ ಬೇಡ ಹೇಳಿ. ಆ ಎರಡು ಗಂಟೆಯೂ ಕುರ್ಚಿಯಲ್ಲೇ ಕಳೆಯುತ್ತದೆ ಅನ್ನುವುದೇ ತೊಡಕು.

ಎಲ್ಲದಕ್ಕೂ ಕೊರೊನಾವನ್ನೇ ದೂರುವುದು ಸರಿಯಲ್ಲ. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ, ಸಾಕಷ್ಟು ಚಟುವಟಿಕೆ ಇಲ್ಲದ ಭಾರತದ ವಯಸ್ಕರು 2000ದಲ್ಲಿ ಶೇ. 22ರಷ್ಟಿದ್ದರು, 2022ರಲ್ಲಿ ಶೇ. 49ರಷ್ಟಾದರು. ಹೆಂಗಸರಲ್ಲಿ ಶೇ. 57, ಗಂಡಸರಲ್ಲಿ ಶೇ. 42. ಈ ಏರಿಕೆ ಎರಡು ದಶಕದ್ದು. ಲಾಕ್‌ಡೌನ್ ಬಂದದ್ದು ಅದರ ಕೊನೆಯಲ್ಲಿ, ಮೊದಲೇ ಇಳಿಜಾರಿನಲ್ಲಿದ್ದ ಗಾಡಿಗೆ.

ಹಾಗಾದರೆ ಎಷ್ಟು ನಡೆದರೆ ಸಾಕು?

10,000 ಹೆಜ್ಜೆ ಅನ್ನುವುದು ಡಾಕ್ಟರು ಕೊಟ್ಟ ಸಂಖ್ಯೆ ಅಂತ ಬಹಳ ಜನ ನಂಬಿದ್ದಾರೆ. ಅದು ಹುಟ್ಟಿದ್ದು 1965ರಲ್ಲಿ, ಜಪಾನಿನ ಕಂಪನಿಯೊಂದು ಮಾರುಕಟ್ಟೆಗೆ ಬಿಟ್ಟ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಲ್ಲಿ. ಅಮೆರಿಕದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ 4,000 ಹೆಜ್ಜೆ ನಡೆಯುವವರಿಗೆ ಹೋಲಿಸಿದರೆ 8,000 ನಡೆಯುವವರಲ್ಲಿ ಸಾವಿನ ಪ್ರಮಾಣ ಸುಮಾರು ಅರ್ಧದಷ್ಟಿತ್ತು. ಹಾಗಾಗಿ ಹತ್ತು ಸಾವಿರ ಮುಟ್ಟಲಿಲ್ಲ ಅಂತ ರಾತ್ರಿ ಹನ್ನೊಂದಕ್ಕೆ ಹಾಲ್‌ನಲ್ಲಿ ಗಿರಗಿರ ಸುತ್ತಬೇಕಾಗಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರ್‌ನಲ್ಲಿ ಹೊಸ ಮಾರ್ಗಸೂಚಿ ಹೊರಡಿಸಿತು. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಚಟುವಟಿಕೆ, ಇಲ್ಲವೇ 75ರಿಂದ 150 ನಿಮಿಷ ಜೋರು ಚಟುವಟಿಕೆ. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ. ಕೂರುವ ಹೊತ್ತು ಎಷ್ಟಾಗುತ್ತದೋ ಅಷ್ಟು ಕಡಿಮೆ. 2010ರ ಹಳೆಯ ಸೂಚನೆಯಲ್ಲಿ ಒಂದೇ ಸಲಕ್ಕೆ ಕನಿಷ್ಠ ಹತ್ತು ನಿಮಿಷ ಮಾಡಿದರೆ ಮಾತ್ರ ಲೆಕ್ಕ ಅಂತ ಇತ್ತು. ಹೊಸದರಲ್ಲಿ ಆ ಮಾತು ತೆಗೆದುಹಾಕಿದ್ದಾರೆ. ಎರಡು ನಿಮಿಷ ಮೆಟ್ಟಿಲು ಹತ್ತಿದರೂ ಲೆಕ್ಕಕ್ಕೆ ಬಂತು.

ದಿನವಿಡೀ ಕೂರುವ ಕೆಲಸದವರಿಗೆ ಇನ್ನೆರಡು ಸಂಶೋಧನೆ ಉಪಯೋಗಕ್ಕೆ ಬರುತ್ತವೆ. ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಸೇರಿಸಿ 2016ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ, ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೂರುವವರೂ 60ರಿಂದ 75 ನಿಮಿಷ ಬಿರುಸಾಗಿ ನಡೆಯುತ್ತಿದ್ದರೆ ಕೂರುವುದರಿಂದ ಬರುವ ಹೆಚ್ಚುವರಿ ಅಪಾಯ ಕಾಣಲಿಲ್ಲ. ಟಿವಿ ಮುಂದೆ ಐದು ಗಂಟೆಗಿಂತ ಜಾಸ್ತಿ ಕೂರುವವರಿಗೆ ಮಾತ್ರ ಈ ರಿಯಾಯಿತಿ ಪೂರ್ತಿ ಸಿಗಲಿಲ್ಲ. 2012ರ ಇನ್ನೊಂದು ಆಸ್ಟ್ರೇಲಿಯಾ ಪ್ರಯೋಗದಲ್ಲಿ ತೂಕ ಜಾಸ್ತಿ ಇದ್ದವರನ್ನು 20 ನಿಮಿಷಕ್ಕೊಮ್ಮೆ ಎಬ್ಬಿಸಿ ಎರಡೇ ಎರಡು ನಿಮಿಷ ನಡೆಸಿದರು. ಒಂದೇ ಸಮನೆ ಕೂತ ದಿನಕ್ಕಿಂತ ಅವತ್ತು ಊಟದ ನಂತರದ ಸಕ್ಕರೆಯೂ ಇನ್ಸುಲಿನ್ನೂ ಕಡಿಮೆ ಏರಿದವು. ನಿಧಾನವಾಗಿ ನಡೆದರೂ ಸರಿ, ಬಿರುಸಾಗಿ ನಡೆದರೂ ಸರಿ, ಫಲ ಹೆಚ್ಚುಕಡಿಮೆ ಒಂದೇ.

ಆಫೀಸಿನಲ್ಲಿ 20 ನಿಮಿಷಕ್ಕೊಮ್ಮೆ ಎದ್ದರೆ ಮ್ಯಾನೇಜರ್ ಹುಬ್ಬೇರಿಸಬಹುದು. ಫೋನಿನಲ್ಲಿ ಮಾತಾಡುವಾಗಲೆಲ್ಲ ಎದ್ದು ಓಡಾಡುವುದು, ದೊಡ್ಡ ಬಾಟಲಿ ಬಿಟ್ಟು ಸಣ್ಣ ಲೋಟದಲ್ಲಿ ನೀರು ಕುಡಿಯುವುದು (ಮತ್ತೆ ಮತ್ತೆ ಏಳಲೇಬೇಕಲ್ಲ), ಮಧ್ಯಾಹ್ನ ಊಟವಾದ ಕೂಡಲೇ ಕಾರಿಡಾರಿನಲ್ಲಿ ನಾಲ್ಕು ಸುತ್ತು ಹಾಕುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ವರ್ಷಗಳಿಂದ ಕೂತೇ ಇದ್ದವರು ಒಮ್ಮೆಲೇ ಓಟಕ್ಕೆ ಇಳಿಯಬೇಡಿ. ಹತ್ತು ನಿಮಿಷದ ನಡಿಗೆಯಿಂದ ಶುರು ಮಾಡಿ ವಾರವಾರ ಏರಿಸಿ. ನಡೆಯುವಾಗ ಎದೆ ಬಿಗಿಯುವುದು, ತಲೆ ಸುತ್ತುವುದು ಇದ್ದವರು, ಶುಗರ್‌ಗೆ ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲು ತಮ್ಮ ಡಾಕ್ಟರನ್ನು ಕೇಳಿ, ಆಮೇಲೆ ವೇಗ ಹೆಚ್ಚಿಸಿ.